ಪೂಜೆ ನಿಂತ ಮೂರು ವರ್ಷಗಳು: ಮೆಕ್ಸಿಕೋದ ಕ್ರಿಸ್ಟೆರೋ ದಂಗೆ

1926ನೆಯ ಇಸವಿ ಜುಲೈ 31ರಂದು ಮೆಕ್ಸಿಕೋ ದೇಶದ ಇಗರ್ಜಿಗಳಲ್ಲಿ ಪಾದ್ರಿಗಳು ನಡೆಸುವ ಸಾರ್ವಜನಿಕ ಪೂಜೆಯು ಕೊನೆಗೊಂಡಿತು. ಅದರ ಹಿಂದಿನ ದಿನಗಳಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಲು, ವಿವಾಹಗಳನ್ನು ಮುಗಿಸಿಕೊಳ್ಳಲು ಜನರು ತಂಡೋಪತಂಡವಾಗಿ ಇಗರ್ಜಿಗಳಲ್ಲಿ ನೆರೆದಿದ್ದರು. ಪೂಜೆಯನ್ನು ನಿಲ್ಲಿಸಿದವರು ಸರ್ಕಾರದವರಲ್ಲ, ಬಿಷಪ್ಪರೇ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಹೊಸ ಶಾಸನಕ್ಕೆ ತಲೆಬಾಗಿ ಪೂಜೆ ನಡೆಸುವುದಕ್ಕಿಂತ ನಡೆಸದಿರುವುದೇ ಲೇಸೆಂದು ಅವರು ಬಗೆದರು. ಆ ನಿರ್ಧಾರದ ಫಲವನ್ನು ಉಂಡವರು ಬಹುಮಟ್ಟಿಗೆ ಹಳ್ಳಿಗಾಡಿನ ರೈತರು.

ಈ ವೈಮನಸ್ಯದ ಬೇರು ಹಳೆಯದು. ಸ್ಪೇನಿನ ಆಳ್ವಿಕೆಯ ಕಾಲದಿಂದ ಅಪಾರ ಭೂಮಿಯೂ ಶಾಲೆ ಆಸ್ಪತ್ರೆಗಳೂ ಧರ್ಮಸಂಸ್ಥೆಯ ವಶದಲ್ಲಿದ್ದುವು. 1850ರ ದಶಕದ ಸುಧಾರಣಾ ಶಾಸನಗಳು ಈ ಹಿಡಿತವನ್ನು ಮುರಿಯಲು ಹೊರಟವು. ಆದರೆ ಪೋರ್ಫಿರಿಯೊ ದಿಯಾಸನ ದೀರ್ಘ ಆಡಳಿತದಲ್ಲಿ ಅವು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿದುವು. 1910ರ ಕ್ರಾಂತಿಯಿಂದ ಮೇಲೆದ್ದ ನಾಯಕರು 1917ರ ಸಂವಿಧಾನದಲ್ಲಿ ಅವನ್ನು ಇನ್ನಷ್ಟು ಬಿಗಿಗೊಳಿಸಿದರು. ಧಾರ್ಮಿಕ ಸಂಸ್ಥೆಗಳಾಗಲಿ ಪಾದ್ರಿಗಳಾಗಲಿ ಪ್ರಾಥಮಿಕ ಶಾಲೆಗಳನ್ನು ನಡೆಸಕೂಡದೆಂದು ಅದರ 3ನೆಯ ವಿಧಿ ಸಾರಿತು. ಸನ್ಯಾಸಿಗಳ ಸಂಘಗಳು ನಿಷಿದ್ಧವಾದುವು. ಇಗರ್ಜಿಯ ಕಟ್ಟಡಗಳು ರಾಷ್ಟ್ರದ ಸ್ವತ್ತಾದುವು. 130ನೆಯ ವಿಧಿಯಂತೆ ಪಾದ್ರಿಗಳಿಗೆ ಮತದಾನದ ಹಕ್ಕಿಲ್ಲ, ಸರ್ಕಾರವನ್ನು ಟೀಕಿಸುವ ಅಧಿಕಾರವಿಲ್ಲ. ಅವರ ಸಂಖ್ಯೆ ಎಷ್ಟಿರಬೇಕೆಂಬುದನ್ನೂ ರಾಜ್ಯಗಳೇ ಗೊತ್ತುಮಾಡಬಹುದು. ಭೂಮಿಯ ಒಡೆತನದ ಬಗ್ಗೆ ಸುಧಾರಕರ ದೂರಿನಲ್ಲಿ ಸತ್ಯಾಂಶವಿದ್ದಿತು. ಪ್ರಜೆಯೊಬ್ಬನ ಮತವನ್ನು ಅವನ ವೃತ್ತಿಯ ಕಾರಣದಿಂದ ಕಸಿದುಕೊಳ್ಳುವುದನ್ನು ಮಾತ್ರ ಸುಧಾರಣೆಯೆಂದು ಕರೆಯುವುದು ಕಷ್ಟ.

1924ರಲ್ಲಿ ಅಧ್ಯಕ್ಷನಾದ ಪ್ಲುಟಾರ್ಕೊ ಎಲಿಯಾಸ್ ಕಾಯೆಸನು ಈ ವಿಧಿಗಳಿಗೆ ದಂಡನೆಯನ್ನು ಸೇರಿಸಿದನು. ಅವನು 1926ರ ಜೂನಿನಲ್ಲಿ ಅಂಕಿತ ಹಾಕಿದ ಶಾಸನದಂತೆ, ಪಾದ್ರಿಯು ತನ್ನ ಧಾರ್ಮಿಕ ಉಡುಪಿನಲ್ಲಿ ಹೊರಗೆ ಕಾಣಿಸಿಕೊಂಡರೆ 500 ಪೆಸೊ ದಂಡ; ಸರ್ಕಾರವನ್ನು ಟೀಕಿಸಿದರೆ ಐದು ವರ್ಷ ಸೆರೆ. ತಬಾಸ್ಕೊ ರಾಜ್ಯದಲ್ಲಂತೂ ವಿವಾಹಿತರಲ್ಲದವರು ಪಾದ್ರಿಗಳಾಗಿರಕೂಡದೆಂಬ ವಿಚಿತ್ರ ಕಟ್ಟಳೆ ಅದಾಗಲೇ ಜಾರಿಗೆ ಬಂದಿದ್ದಿತು.

ಮೊದಲ ಪ್ರತಿಭಟನೆ ಶಾಂತಿಯುತವಾದುದು. ಅದಕ್ಕೊಂದು ಪೂರ್ವನಿದರ್ಶನವೂ ಇದ್ದಿತು. 1918ರಲ್ಲಿ ಹಾಲಿಸ್ಕೊ ರಾಜ್ಯದ ಸರ್ಕಾರ ಪಾದ್ರಿಗಳ ಸಂಖ್ಯೆಯನ್ನು ಕಡಿತಗೊಳಿಸಿದಾಗ ಅಲ್ಲಿನ ಜನರು ಶೋಕದ ಉಡುಪು ತೊಟ್ಟು, ಬಹಿಷ್ಕಾರ ಹೂಡಿ, 1919ರ ಆರಂಭದಲ್ಲಿ ಆ ಆಜ್ಞೆಯನ್ನು ಹಿಂದೆಗೆಸಿದ್ದರು. ಆ ಚಳವಳಿಯಲ್ಲಿ ಮುಂದಾಗಿದ್ದವನು ಅನಕ್ಲೆತೊ ಗೊನ್ಸಾಲೆಸ್ ಫ್ಲೊರೆಸ್ ಎಂಬ ವಕೀಲ. ಗಾಂಧೀಜಿಯವರ ಅಹಿಂಸಾ ಮಾರ್ಗವನ್ನು ಮೆಚ್ಚಿಕೊಂಡಿದ್ದ ಈತನನ್ನು ಮುಂದೆ ಮೆಕ್ಸಿಕೋದ ಗಾಂಧಿ ಎಂದು ಕರೆದವರೂ ಉಂಟು. 1926ರಲ್ಲಿಯೂ ಬಹಿಷ್ಕಾರ ನಡೆಯಿತು. ಸುಮಾರು 20 ಲಕ್ಷ ಸಹಿಗಳ ಮನವಿಯು ಶಾಸನಸಭೆಯನ್ನು ಮುಟ್ಟಿತು. ಸಭೆ ಅದನ್ನು ತಳ್ಳಿಹಾಕಿತು. 1927ರ ಆರಂಭದಲ್ಲಿ ಎಲ್ಲೆಡೆ ದಂಗೆಗೆ ಕರೆ ಬಂದಾಗ ಫ್ಲೊರೆಸನು ಒಲ್ಲದ ಮನಸ್ಸಿನಿಂದ ಅದಕ್ಕೆ ಸಮ್ಮತಿಸಿದನು. ಅದೇ ಏಪ್ರಿಲ್ 1ರಂದು ಗ್ವಾದಲಹಾರಾ ನಗರದಲ್ಲಿ ಅವನನ್ನು ಚಿತ್ರಹಿಂಸೆಗೆ ಗುರಿಮಾಡಿ ಕೊಲ್ಲಲಾಯಿತು.

‘ಕ್ರಿಸ್ತರಾಜನಿಗೆ ಜಯವಾಗಲಿ’ ಎಂಬ ಘೋಷಣೆಯಿಂದ ದಂಗೆಕೋರರಿಗೆ ಕ್ರಿಸ್ಟೆರೋಗಳೆಂಬ ಹೆಸರಾಯಿತು. ಹಾಲಿಸ್ಕೊ, ಮಿಚೊಅಕಾನ್, ಗ್ವಾನಹ್ವಾತೊ, ಕೊಲಿಮಾ ಮೊದಲಾದ ಪ್ರಾಂತಗಳ ಈ ರೈತರ ಬಳಿ ಧೈರ್ಯವಿದ್ದಷ್ಟು ಮದ್ದುಗುಂಡು ಇರಲಿಲ್ಲ. ಆ ಕೊರತೆಯನ್ನು ತುಂಬಿದವರು ಹೆಂಗಸರು. ಸಂತ ಜೋನ್ ಆಫ್ ಆರ್ಕಳ ಹೆಸರಿನಲ್ಲಿ 1927ರಲ್ಲಿ ಕಟ್ಟಿದ ಗುಪ್ತದಳದ ಮಹಿಳೆಯರು ಒಳಉಡುಪಿನಲ್ಲಿ ಗುಂಡುಗಳನ್ನು ಹುದುಗಿಸಿಕೊಂಡು ನಗರಗಳಿಂದ ಬೆಟ್ಟಗಳಿಗೆ ಸಾಗಿಸುತ್ತಿದ್ದರು. ಈ ಸೇನೆಗೆ ಶಿಸ್ತನ್ನು ಕಲಿಸಿದ ದಳಪತಿ ಎನ್ರಿಕೆ ಗೊರೊಸ್ತಿಯೆತಾ ಸಂಬಳಕ್ಕೆ ಬಂದವನು, ದೈವಭಕ್ತನೆಂದು ಹೆಸರಾದವನಲ್ಲ. ಇತ್ತ ಸರ್ಕಾರದ ಪಕ್ಷದಲ್ಲಿಯೂ ಕ್ರಾಂತಿಯಿಂದ ತುಂಡು ಭೂಮಿ ಪಡೆದ ರೈತರೇ ಬಂದೂಕು ಹಿಡಿದಿದ್ದುದರಿಂದ ಅನೇಕ ಕಡೆ ಬಡವನ ಎದುರು ಬಡವನೇ ನಿಂತನು.

ಕ್ರೌರ್ಯ ಒಂದೇ ಕಡೆಯದಾಗಿರಲಿಲ್ಲ. 1927ರ ಏಪ್ರಿಲ್‌ನಲ್ಲಿ ಪಾದ್ರಿಯೊಬ್ಬರ ನೇತೃತ್ವದ ಕ್ರಿಸ್ಟೆರೋಗಳು ರೈಲೊಂದನ್ನು ತಡೆದು ಸುಟ್ಟಾಗ ನಿರಪರಾಧಿ ಪ್ರಯಾಣಿಕರೂ ಸತ್ತರು. ಸರ್ಕಾರವು ನವೆಂಬರ್ 23ರಂದು ಮಿಗೆಲ್ ಪ್ರೊ ಎಂಬ ಜೆಸ್ವಿಟ್ ಪಾದ್ರಿಯನ್ನು ವಿಚಾರಣೆಯಿಲ್ಲದೆ ಗುಂಡಿಕ್ಕಿ ಕೊಂದಿತು. ಜನರು ಹೆದರಲೆಂದು ಛಾಯಾಗ್ರಾಹಕರನ್ನು ಅಲ್ಲಿಗೆ ಕರೆಸಲಾಗಿತ್ತು. ತೋಳುಗಳನ್ನು ಶಿಲುಬೆಯಂತೆ ಚಾಚಿ ನಿಂತ ಪ್ರೊ ಅವರ ಆ ಚಿತ್ರವೇ ಪವಿತ್ರ ವಸ್ತುವಿನಂತೆ ಮನೆಮನೆಗೆ ಹಂಚಿಹೋಯಿತು.

1929ರ ವೇಳೆಗೆ ದಂಗೆಕೋರರು ಸುಮಾರು 50 ಸಾವಿರ. ಅವರನ್ನು ಸೋಲಿಸಲು ಸರ್ಕಾರಕ್ಕಾಗಲಿಲ್ಲ. ಸರ್ಕಾರವನ್ನು ಉರುಳಿಸಲು ಅವರಿಗೂ ಆಗಲಿಲ್ಲ. ಅಮೆರಿಕದ ರಾಯಭಾರಿ ಡ್ವೈಟ್ ಮಾರೊ ಮಧ್ಯಸ್ಥನಾಗಿ, ಜೂನ್ 21ರಂದು ಅಧ್ಯಕ್ಷ ಪೋರ್ತೆಸ್ ಹಿಲ್‌ನಿಗೂ ಇಬ್ಬರು ಬಿಷಪ್ಪರಿಗೂ ಒಪ್ಪಂದವಾಯಿತು. ಶಾಸನದ ಒಂದಕ್ಷರವೂ ಬದಲಾಗಲಿಲ್ಲ; ಅದನ್ನು ಸೌಮ್ಯವಾಗಿ ಜಾರಿಗೊಳಿಸುವ ಭರವಸೆಯಷ್ಟೇ ದೊರೆಯಿತು. ಹೋರಾಡುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಗೊರೊಸ್ತಿಯೆತಾ ಆ ತಿಂಗಳ ಆರಂಭದಲ್ಲಿಯೇ ಹತನಾಗಿದ್ದನು. ಗಂಟೆಗಳು ಮತ್ತೆ ಮೊಳಗಿದುವು. ಕ್ಷಮಾದಾನವನ್ನು ನಂಬಿ ಆಯುಧವನ್ನೊಪ್ಪಿಸಿದ ಅನೇಕರು ಮನೆಗೆ ಮರಳಿದ ಮೇಲೆ ಕೊಲೆಯಾದರು. ಈ ಯುದ್ಧದಲ್ಲಿ ಒಟ್ಟು ಸತ್ತವರು ಅಂದಾಜು 90 ಸಾವಿರ.

ಉಪಾಧ್ಯಾಯವರ್ಗವು ನೆನೆಯಬೇಕಾದ ಭಾಗ ಇದರ ಬಳಿಕ ಬರುತ್ತದೆ. 1934ರಲ್ಲಿ 3ನೆಯ ವಿಧಿಯನ್ನು ತಿದ್ದಿ ಸಮಾಜವಾದಿ ಶಿಕ್ಷಣವನ್ನು ವಿಧಿಸಿದಾಗ ಕೆಲವೆಡೆ ದಂಗೆ ಮರುಕಳಿಸಿತು. ಈ ಬಾರಿ ಅದರ ಕೋಪ ಹಳ್ಳಿಯ ಶಾಲೆಯ ಮೇಲೆ ತಿರುಗಿತು. ಅಲ್ಪ ಸಂಬಳಕ್ಕೆ ದೂರದೂರಿಗೆ ಹೋಗಿದ್ದ ಸರ್ಕಾರಿ ಉಪಾಧ್ಯಾಯರಲ್ಲಿ ಹಲವರ ಕಿವಿಗಳನ್ನು ಕೊಯ್ದರು, ಹಲವರನ್ನು ಕೊಂದರು.

1992ರಲ್ಲಿ ಸಂವಿಧಾನದ ತಿದ್ದುಪಡಿಯಾಗಿ ಪಾದ್ರಿಗಳಿಗೆ ಮತದಾನದ ಹಕ್ಕು ಮರಳಿತು. 2000ದ ಮೇ ತಿಂಗಳಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಆ ಕಾಲದ 25 ಮಂದಿ ಹುತಾತ್ಮರನ್ನು ಸಂತರೆಂದು ಘೋಷಿಸಿದರು: 22 ಪಾದ್ರಿಗಳು, 3 ಮಂದಿ ಗೃಹಸ್ಥರು. ಬಂದೂಕು ಹಿಡಿದು ಕಾದಾಡಿದವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ.