ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡು, ತಮ್ಮಾ

ಹಾನಗಲ್ಲಿನಿಂದ ಹಿರೇಕೆರೂರಿಗೆ, ಶಿಗ್ಗಾಂವಿಗೆ ಬೈಕ್ ಮೇಲೆ ಅಲೆದದ್ದು ಸಾಕು, ಸೆಕೆಂಡ್ ಹ್ಯಾಂಡ್‌ನಲ್ಲಿ ಬ್ರೆಝಾನೋ ನೆಕ್ಸಾನೋ ಹಿಡಿಯುತ್ತೇನೆ ಅಂದೆಯಂತೆ. ಹಿಡಿ, ಬೇಡ ಅನ್ನುವುದಿಲ್ಲ. ಆದರೆ ಎಸ್‌ಯುವಿ ಎಂಬ ಹೆಸರಿಗೆ ಮರುಳಾಗಬೇಡ ತಮ್ಮಾ. ಇವೆಲ್ಲ ಮುಂದಿನ ಎರಡು ಗಾಲಿ ಎಳೆಯುವ ಕಾರುಗಳೇ. ಹಂಪು, ಗುಂಡಿ ತಡೆದುಕೊಂಡಾವು; ಮಳೆ ಬಿದ್ದ ಮೇಲೆ ಸವಣೂರು ಕಡೆಯ ಎರೆಹೊಲದ ದಾರಿಗೆ ಇಳಿಸಿದರೆ ಟ್ರ್ಯಾಕ್ಟರ್ ಕರೆಸಬೇಕಾದೀತು.

ಡೀಸೆಲ್ಲೋ ಪೆಟ್ರೋಲೋ ಎಂದರೆ, ನಿನ್ನ ಓಡಾಟಕ್ಕೆ ಪೆಟ್ರೋಲೇ ಸರಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ಕಾದು ಮಸಿ ಸುಟ್ಟುಕೊಳ್ಳಬೇಕಾದರೆ ಗಾಡಿ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಬೇಕು. ಮನೆಯಿಂದ ಎಪಿಎಂಸಿಗೆ, ಅಲ್ಲಿಂದ ಮನೆಗೆ ಎಂದು ನಾಲ್ಕಾರು ಕಿಲೋಮೀಟರ್ ಓಡಿಸಿ ಆಫ್ ಮಾಡುತ್ತಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬದಲಿಸುವ ಖರ್ಚು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ದಿನಾ ಶಿಗ್ಗಾಂವಿಯ ಮೇಲೆ ಹುಬ್ಬಳ್ಳಿಗೆ ಹೋಗುವವನಾದರೆ ಮಾತು ಬೇರೆ. ಬ್ರೆಝಾ 2016ರಿಂದ 2020ರ ಆರಂಭದವರೆಗೆ ಡೀಸೆಲ್‌ನಲ್ಲಷ್ಟೇ ಬಂತು, ಪೆಟ್ರೋಲ್ ಬೇಕೆಂದರೆ ಆಮೇಲಿನದನ್ನು ಹುಡುಕು. ಇಕೋಸ್ಪೋರ್ಟ್ ಗಟ್ಟಿ ಗಾಡಿ. ಆದರೆ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇವೆಂದು ಫೋರ್ಡ್ 2021ರಲ್ಲೇ ಹೇಳಿದೆ. ಪಾರ್ಟ್ಸ್ ಯಾರು ತರಿಸಿಕೊಡುತ್ತಾರೆಂದು ಮಿಸ್ತ್ರಿಯನ್ನು ಕೇಳಿಯೇ ಮುಂದುವರಿ.

2019ರ ಆಗಸ್ಟ್‌ನಲ್ಲಿ ವರದಾ ಉಕ್ಕಿ ಊರಿಗೆ ನುಗ್ಗಿದ್ದು ನೆನಪಿದೆಯಲ್ಲ? ನೀರಲ್ಲಿ ನಿಂತ ಕಾರಿಗೆ ಪಾಲಿಶ್ ಹೊಡೆದು ಸೆಂಟು ಹಾಕಿ ಮಾರುವವರು ಎಲ್ಲ ಕಡೆಯೂ ಇದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆ. ಒಳಗೆ ಸುತ್ತಿಕೊಂಡಿರುವ ತುದಿಗೆ ತೊಳೆಯುವವರ ಕೈ ಹೋಗಿರುವುದಿಲ್ಲ, ರಾಡಿಯ ಕಲೆ ಅಲ್ಲೇ ಉಳಿದಿರುತ್ತದೆ. ಸೀಟಿನಡಿಯ ಕಬ್ಬಿಣ ಮುಟ್ಟಿ ನೋಡು, ಮ್ಯಾಟ್ ಎತ್ತಿ ಮೂಸು. ಮೂವತ್ತು ಸಾವಿರ ಕಿಲೋಮೀಟರ್ ಎನ್ನುವ ಗಾಡಿಯ ಕ್ಲಚ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ದರೆ ಮೀಟರ್ ನಂಬಬೇಡ. ಟೈರಿನ ಮೇಲೆ 2319 ಎಂದಿದ್ದರೆ ಅದು 2019ರ 23ನೇ ವಾರದ್ದು, ಹೊಸದು ಎಂದು ಯಾರೇ ಹೇಳಲಿ. ನೋಡಲು ಬೆಳಿಗ್ಗೆಯೇ ಹೋಗು. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿಡು, ತಣ್ಣಗಿರುವ ಇಂಜಿನ್ ಸುಳ್ಳು ಹೇಳುವುದಿಲ್ಲ.

ಹೊಲ ಕೊಳ್ಳುವಾಗ ಉತಾರದಲ್ಲಿ ಬೋಜಾ ನೋಡುತ್ತೀಯಲ್ಲ, ಆರ್‌ಸಿಯನ್ನೂ ಹಾಗೇ ನೋಡು. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರಬೇಕು. ದೆಹಲಿ ನಂಬರಿನ ಡೀಸೆಲ್ ಗಾಡಿ ಅಗ್ಗ ಎಂದು ಯಾರೋ ಆಸೆ ಹಚ್ಚುತ್ತಾರೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ ಮೇಲೆ ಅವು ದಕ್ಷಿಣಕ್ಕೆ ಇಳಿಯುತ್ತಿವೆ. ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿ ಮತ್ತೆ ಕಟ್ಟುವ ಆಜೀವ ತೆರಿಗೆ ಕೂಡಿಸಿದರೆ ಅಗ್ಗ ಅಲ್ಲೇ ಕರಗುತ್ತದೆ. ಕೆಎ-27 ಗಾಡಿಯಾದರೆ ಹಾವೇರಿಯಲ್ಲೇ ಕೆಲಸ ಮುಗಿಯುತ್ತದೆ.

ಫಾರ್ಮ್ 29, 30ಕ್ಕೆ ಸಹಿಯಾದ ಮೇಲೂ ಒಂದಿಷ್ಟು ಹಣ ಹಿಡಿದಿಟ್ಟುಕೋ, ಆರ್‌ಸಿಯಲ್ಲಿ ನಿನ್ನ ಹೆಸರು ಬಂದ ದಿನ ಕೊಡು. ವಿಮೆಯನ್ನು 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕು.