ಕಾಯಕ, ಎಡೆ ಮತ್ತು ದೇಹದ ತೂಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ನಮ್ಮ ಹಿರಿಯರು ಬೆಳಗ್ಗೆ ನಾಲ್ಕಾರು ಅಕ್ಕಿರೊಟ್ಟಿ ತಿಂದು, ಎರಡು ಹೊತ್ತು ಎಡೆಯ ತುಂಬ ಅನ್ನವನ್ನುಂಡೂ ಕೃಶಕಾಯರಾಗಿಯೇ ಇದ್ದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸೊಪ್ಪಿನಬೆಟ್ಟದಿಂದ ಹೊರೆ ಹೊರುವುದು, ಸುರಿಯುವ ಮಳೆಯಲ್ಲಿ ಸಸಿ ನೆಡುವುದು, ಸರಿರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದು, ಬಾಳೆಹೊನ್ನೂರಿನ ರಂಭಾಪುರಿ ಪೀಠದ ಜಾತ್ರೆಗೂ ನಡೆದೇ ಬರುವುದು, ಹೀಗೆ ಉಂಡದ್ದೆಲ್ಲ ದುಡಿಮೆಯಲ್ಲಿ ಕರಗುತ್ತಿತ್ತು. ಈಗ ಎಷ್ಟೋ ಗದ್ದೆಗಳು ತೋಟಗಳಾಗಿವೆ. ಅಡಿಕೆಯನ್ನು ಯಂತ್ರವು ಸುಲಿಯುತ್ತದೆ. ಬಾಗಿಲಿನಲ್ಲಿಯೇ ಬೈಕು ನಿಂತಿರುತ್ತದೆ. ಕಾಯಕ ಕುಗ್ಗಿತು, ಎಡೆ ಕುಗ್ಗಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜಿನಂತೆ, 65 ಕಿಲೋ ತೂಕದ ಪುರುಷನು ಕಠಿಣವಾಗಿ ಮೈಮುರಿದು ದುಡಿದರೆ ಅವನಿಗೆ ದಿನಕ್ಕೆ 3470 ಕಿಲೋಕ್ಯಾಲರಿ ಬೇಕು. ಕುಳಿತು ಕೆಲಸ ಮಾಡುವವನಿಗೆ 2110 ಸಾಕು. ಈ ಅಂತರವು ಸುಮಾರು 400 ಗ್ರಾಂ ಅಕ್ಕಿಗೆ ಸಮ. ಹೆಚ್ಚಾಗಿ ಉಂಡದ್ದು ಕೊಬ್ಬಾಗಿ ಸಂಗ್ರಹವಾಗುತ್ತದೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರು ಮೀರಿದರೆ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ.

ಅನ್ನವೊಂದನ್ನೇ ದೂರುವುದು ನ್ಯಾಯವಲ್ಲ. ಚಹಾ ಚಮಚದಷ್ಟು ಸಕ್ಕರೆಯಲ್ಲಿ 20 ಕಿಲೋಕ್ಯಾಲರಿ ಇದೆ. ಎರಡೆರಡು ಚಮಚ ಹಾಕಿದ ಐದು ಲೋಟ ಕಾಫಿಯೆಂದರೆ ಸಕ್ಕರೆಯಿಂದಲೇ 200. ಇನ್ನು ನಮ್ಮ ಮಳೆಗಾಲ! ಹೊರಗೆ ಹೋಗುವಂತಿಲ್ಲ, ಒಳಗೆ ಹಲಸಿನ ಹಪ್ಪಳ ಕರಿಯುವ ಪರಿಮಳ. ಹೊಟ್ಟೆ ತುಂಬಿದ್ದರೂ ಬಾಯಿ ಬೇಡುವ ಕಾಲವದು. ಊಟದ ಚಮಚದಷ್ಟು ಎಣ್ಣೆಯಲ್ಲಿ ಸುಮಾರು 120 ಕಿಲೋಕ್ಯಾಲರಿ ಇರುವುದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಸೋಮವಾರ ಒಪ್ಪೊತ್ತು ಮಾಡಿ, ರಾತ್ರಿ ಫಲಾಹಾರವೆಂದು ತುಪ್ಪ ಸುರಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಳ್ಳುವವರನ್ನೂ ಕಂಡಿದ್ದೇನೆ.

ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ಮಠಗಳ ಶಿಸ್ತು. ಇದನ್ನು ಕೆಲವರು ಬಡಿಸಿದಷ್ಟನ್ನೂ ಉಣ್ಣಬೇಕೆಂದು ಅರ್ಥ ಮಾಡಿಕೊಂಡಿದ್ದಾರೆ. ಶಿಸ್ತು ಆರಂಭವಾಗಬೇಕಾದುದು ಉಣ್ಣುವಾಗಲ್ಲ, ಬಡಿಸಿಕೊಳ್ಳುವಾಗ. ಮೊದಲು ಸ್ವಲ್ಪವೇ ಹಾಕಿಸಿಕೊಂಡು, ನಿಧಾನವಾಗಿ ಅಗಿದು, ಹಸಿವಿದ್ದರೆ ಮಾತ್ರ ಮತ್ತೆ ಕೇಳಬೇಕು. ಮಲೆನಾಡಿನ ಅತಿಥಿ ಸತ್ಕಾರದ ಒತ್ತಾಯದ ಮುಂದೆ ಇದು ಸುಲಭವಲ್ಲ ನಿಜ. ಎಡೆಯ ಅರ್ಧ ಭಾಗವು ಹರಿವೆ, ಬಸಳೆ, ಹೀರೆ, ಬಾಳೆದಿಂಡುಗಳ ಪಲ್ಯಕ್ಕಿರಲಿ. ಕಾಲು ಭಾಗ ಹುರುಳಿ, ಹೆಸರು ಮೊದಲಾದ ಕಾಳಿಗೆ. ಉಳಿದ ಕಾಲು ಭಾಗ ಅನ್ನಕ್ಕೆ. ಸಿಹಿಪಾನೀಯದ ಬದಲು ನೀರುಮಜ್ಜಿಗೆ ಅಥವಾ ಒಂದೆಲಗದ ತಂಬುಳಿ ಸಾಕು.

ತೂಕ ಇಳಿಸುವುದಕ್ಕಿಂತ ಇಳಿದುದನ್ನು ಉಳಿಸಿಕೊಳ್ಳುವುದು ಕಷ್ಟ. ಹಗುರವಾದ ದೇಹಕ್ಕೆ ಮೊದಲಿಗಿಂತ ಕಡಿಮೆ ಆಹಾರ ಸಾಕು, ಆದರೆ ಹಸಿವು ಮಾತ್ರ ಹೆಚ್ಚುತ್ತದೆ. ಆದುದರಿಂದ ಎರಡು ತಿಂಗಳು ಅರೆಹೊಟ್ಟೆಯಲ್ಲಿದ್ದು ಹಳೆಯ ಊಟಕ್ಕೆ ಮರಳಿದವನ ತೂಕವೂ ಮರಳುತ್ತದೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಇಳಿಸುವಾಗಿನ ಎಡೆಯೇ ಹೆಚ್ಚು ಕಡಿಮೆ ಮುಂದಿನ ಎಡೆಯೂ ಆಗುವಂತಿರಬೇಕು. ದಿನವೂ ಬಿರುಸಿನ ನಡಿಗೆ, ವಾರಕ್ಕೊಮ್ಮೆ ತೂಕ ನೋಡುವ ಅಭ್ಯಾಸ, ಇವೆರಡನ್ನೂ ಬಿಡಬಾರದು.

ಇದು ವಯಸ್ಕರಿಗೆ ಹೇಳಿದ ಮಾತು. ಬೆಳೆಯುವ ವಿದ್ಯಾರ್ಥಿಗಳು ತಾವಾಗಿಯೇ ಊಟ ಕಡಿಮೆ ಮಾಡಕೂಡದು. ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಹೊತ್ತಿನ ಊಟ ಬಿಟ್ಟರೆ, ರಕ್ತದಲ್ಲಿನ ಸಕ್ಕರೆ ಒಮ್ಮೆಲೇ ಇಳಿದು ಪ್ರಜ್ಞೆ ತಪ್ಪುವ ಅಪಾಯವುಂಟು.