ಮೀನು ಸಾಕುವ ಸಣ್ಣ ನೀರಿನಲ್ಲಿ ಓಟವಿರಬೇಕಾದ ವಿಚಾರ

ಬೇಸಗೆಯ ಕೊನೆಯಲ್ಲಿ ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ, ತನ್ನ ಹೊಂಡದ ಮೀನುಗಳೆಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿರುವುದನ್ನು ಕಂಡ ರೈತನಿಗೆ ಮೊದಲು ತೋರುವುದು ವಿಷದ ಸಂಶಯವೇ. ಬದುವಿನ ವಿಷಯದಲ್ಲಿ ತನ್ನೊಡನೆ ಜಗಳವಾಡಿದವನ ಹೆಸರು ಆಗಲೇ ಅವನ ಬಾಯಿಗೆ ಬರುವುದು. ಹೊತ್ತು ಏರುವುದರೊಳಗಾಗಿ ದೂರು ಗ್ರಾಮದ ಮುಖಂಡರ ಜಗಲಿಗೆ ಬಂದು ನಿಲ್ಲುವುದು. ಇಂತಹ ದೂರುಗಳಲ್ಲಿ ಕೆಲವು ನಿಜವಾಗಿರುವುದೂ ಉಂಟು. ಆದರೆ ಅನೇಕ ವೇಳೆ ಆ ಮೀನುಗಳು ಸತ್ತಿರುವುದು ಉಸಿರು ಕಟ್ಟಿ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ತಿಳಿಯದೆ ತೀರ್ಮಾನ ಹೇಳಿದಲ್ಲಿ, ನಿರಪರಾಧಿಯೊಬ್ಬನು ಊರಿನಲ್ಲಿ ತಲೆ ತಗ್ಗಿಸಿ ನಡೆಯಬೇಕಾಗುವುದಲ್ಲದೆ, ಹೊಂಡದ ಒಡೆಯನು ಮುಂದಿನ ವರುಷವೂ ಅದೇ ನಷ್ಟಕ್ಕೆ ಗುರಿಯಾಗುವನು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಲು ಉದ್ಯುಕ್ತರಾಗಿದ್ದೇವೆ.

ನೀರಿನಲ್ಲಿಯೇ ಹುಟ್ಟಿ ನೀರಿನಲ್ಲಿಯೇ ಬೆಳೆಯುವ ಪ್ರಾಣಿಗೆ ಉಸಿರು ಕಟ್ಟುವುದೆಂದರೇನೆಂದು ಕೆಲವರು ಕೇಳಬಹುದು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಅದಾದರೋ ಬಹಳ ಸ್ವಲ್ಪ. ನಾವು ಉಸಿರಾಡುವ ಗಾಳಿಯ ಒಂದು ಲೀಟರಿನಲ್ಲಿ ಸುಮಾರು ೨೭೦ ಮಿಲಿಗ್ರಾಂ ಆಮ್ಲಜನಕವಿದ್ದರೆ, ೨೦ ಡಿಗ್ರಿ ಶಾಖದ ಒಂದು ಲೀಟರು ಸಿಹಿನೀರು ಹಿಡಿಯಬಲ್ಲದ್ದು ಸುಮಾರು ೯ ಮಿಲಿಗ್ರಾಂ ಮಾತ್ರ. ನೀರು ಕಾದಷ್ಟೂ ಇದು ಕಡಿಮೆಯಾಗುವುದು. ೩೦ ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ. ಬೆಂಗಳೂರಿನ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ಇನ್ನೂ ಹತ್ತರಲ್ಲೊಂದು ಪಾಲು ಕಡಿಮೆ. ಕಟ್ಲಾ, ರೋಹು, ಗೆಂಡೆ ಮುಂತಾದ ಸಾಕುಮೀನುಗಳಿಗೆ ೫ ಮಿಲಿಗ್ರಾಂ ಇದ್ದರೆ ಕ್ಷೇಮ. ೩ಕ್ಕೆ ಇಳಿದರೆ ಮೇವು ಮುಟ್ಟವು. ೧ರ ಸಮೀಪಕ್ಕೆ ಬಂದರೆ ಉಳಿಯುವುದು ಕಷ್ಟ. ಎಂದರೆ ಮೀನಿನ ಜೀವನವೆಲ್ಲವೂ ಲೀಟರಿಗೆ ನಾಲ್ಕಾರು ಮಿಲಿಗ್ರಾಮಿನ ಅಂಚಿನ ಮೇಲೆ ನಡೆಯತಕ್ಕದ್ದಾಗಿದೆ.

ಈ ಆಮ್ಲಜನಕವು ನೀರಿಗೆ ಬರುವ ದಾರಿಗಳು ಎರಡು. ಹಗಲಿನಲ್ಲಿ ನೀರಿನೊಳಗಿನ ಹಸಿರು ಪಾಚಿಯು ಬಿಸಿಲಿನ ಸಹಾಯದಿಂದ ಅದನ್ನು ಉತ್ಪತ್ತಿ ಮಾಡುವುದು. ಹಗಲೂ ರಾತ್ರಿಯೂ ನೀರಿನ ಮೇಲ್ಮೈಯು ಗಾಳಿಯಿಂದ ಅದನ್ನು ಹೀರುವುದು. ಆದರೆ ಮೇಲೆ ಹೀರಿದ್ದು ತಾನಾಗಿಯೇ ತಳಕ್ಕೆ ಇಳಿಯುವುದೆಂದು ತಿಳಿಯಬಾರದು. ಅಲುಗದ ನೀರಿನಲ್ಲಿ ಆಮ್ಲಜನಕವು ಹರಡುವ ವೇಗವು ಗಾಳಿಯಲ್ಲಿ ಹರಡುವ ವೇಗದ ಹತ್ತು ಸಾವಿರದಲ್ಲೊಂದು ಪಾಲಿನಷ್ಟು. ಮೇಲಿನ ನೀರು ಕೆಳಗೆ ಹೋಗಿ ಕೆಳಗಿನ ನೀರು ಮೇಲೆ ಬಾರದ ಹೊರತು ತಳದಲ್ಲಿರುವ ಪ್ರಾಣಿಗೆ ಅದು ಇಲ್ಲದಂತೆಯೇ ಸರಿ.

ಹೊಂಡದೊಳಗೆ ನಡೆಯುವ ಈ ವ್ಯವಹಾರವು ದಡದ ಮೇಲೆ ನಿಂತವರ ಕಣ್ಣಿಗೆ ಬೀಳದು. ನಾಲ್ಕು ಕಡೆಯೂ ಗಾಜಿರುವ ಒಂದು ಸಣ್ಣ ತೊಟ್ಟಿಯಲ್ಲಾದರೆ ಎಲ್ಲವೂ ಕಾಣುವುದು. ಬೆಂಗಳೂರು ಹನುಮಂತನಗರದಲ್ಲಿ ನಮ್ಮ ಮಿತ್ರರೊಬ್ಬರು ಅಂತಹ ತೊಟ್ಟಿಯೊಂದರಲ್ಲಿ ಉಪ್ಪುನೀರು ತುಂಬಿ, ಕಲ್ಲುಗಳನ್ನು ಜೋಡಿಸಿ, ಸಮುದ್ರದ ಸಣ್ಣ ಮೀನುಗಳನ್ನೂ ಕೆಲವು ಮೆತ್ತನೆಯ ಹವಳಗಳನ್ನೂ ಸಾಕುತ್ತಿದ್ದಾರೆ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ನಮ್ಮ ನಾಡಿನ ಹವಳಗಳಿವೆಯಾದರೂ, ವನ್ಯಜೀವಿ ಸಂರಕ್ಷಣೆಯ ೧೯೭೨ರ ಕಾನೂನು ಅವಕ್ಕೂ ಅನ್ವಯಿಸುವುದರಿಂದ ಅವನ್ನು ಕೀಳುವುದು ಅಪರಾಧ. ಮಿತ್ರರ ಹವಳಗಳು ಹೊರದೇಶದ ತೊಟ್ಟಿಗಳಲ್ಲಿ ಬೆಳೆಸಿ ಕಾಗದಪತ್ರಗಳೊಡನೆ ತರಿಸಿದುವು. ಇಂತಹ ವಿನೋದದಿಂದ ರೈತನಿಗೇನು ಪ್ರಯೋಜನವೆಂದು ವಾಚಕರು ಅವಸರಪಡಬಾರದು. ಹವಳವು ಗಿಡದಂತೆ ಒಂದೆಡೆ ಕಚ್ಚಿ ಕುಳಿತಿರುವ ಪ್ರಾಣಿ. ನೀರು ಕೆಟ್ಟ ಮೂಲೆಯನ್ನು ಬಿಟ್ಟು ಮೀನು ಓಡಬಲ್ಲುದು, ಹವಳವು ಓಡಲಾರದು. ಅದಕ್ಕೆ ಉಸಿರನ್ನೂ ಆಹಾರವನ್ನೂ ತರುವುದು ನೀರಿನ ಓಟ. ಅದರ ಮೈಮೇಲಿನ ಲೋಳೆಯನ್ನು ತೊಳೆದು ಒಯ್ಯುವುದೂ ನೀರಿನ ಓಟ. ಆದುದರಿಂದ ತೊಟ್ಟಿಯ ಯಾವ ಮೂಲೆಯಲ್ಲಿ ಓಟವು ಕಡಿಮೆಯೋ ಅಲ್ಲಿನ ಹವಳವು ಮೊದಲು ಸೊರಗಿ ತೋರಿಸಿಕೊಡುವುದು.

ಆ ತೊಟ್ಟಿಯು ೩ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವಿದ್ದು, ಸುಮಾರು ೧೯೦ ಲೀಟರು ನೀರು ಹಿಡಿಯುವುದು. ಹವಳದ ತೊಟ್ಟಿಗೆ ಗಂಟೆಗೆ ಅದರ ನೀರಿನ ೧೦ರಿಂದ ೨೦ ಪಾಲಿನಷ್ಟು ಓಟ ಬೇಕೆಂಬುದು ವಾಡಿಕೆಯ ಲೆಕ್ಕ. ಗಟ್ಟಿ ಹವಳಗಳಿಗೆ ಇನ್ನೂ ಹೆಚ್ಚು. ಮಿತ್ರರು ಈ ಲೆಕ್ಕವನ್ನು ನಂಬಿ, ಗಂಟೆಗೆ ೩,೮೦೦ ಲೀಟರು ತಳ್ಳುವ ಒಂದೇ ಪಂಪನ್ನು ತಂದು ಒಂದು ಕೊನೆಯಲ್ಲಿ ನಿಲ್ಲಿಸಿದರು. ಲೆಕ್ಕವು ಸರಿಯಾಗಿಯೇ ಇದ್ದಿತು. ತಿಂಗಳೊಳಗೆ, ಪಂಪಿನ ನೇರಕ್ಕಿದ್ದ ಹವಳವು ಒಂದು ಮಗ್ಗುಲು ಮಾಂಸ ಕಳಚಿ ಬಿಳಿಚಿತು. ಕಲ್ಲುರಾಶಿಯ ಹಿಂಬದಿಯಲ್ಲಿ ಮೇವಿನ ಎಂಜಲೂ ಮೀನಿನ ಮಲವೂ ಸೇರಿ, ಕಪ್ಪಾಗಿ, ಕಲ್ಲನ್ನೆತ್ತಿದರೆ ಕೊಳೆತ ಮೊಟ್ಟೆಯ ನಾತ ಬರುತ್ತಿದ್ದಿತು. ನೀರು ಬೇಕಾದಷ್ಟು ಓಡುತ್ತಿದ್ದರೂ ಒಂದೇ ದಾರಿಯಲ್ಲಿ ಓಡಿ, ಎದುರಿನ ಗಾಜಿಗೆ ಬಡಿದು, ಅದೇ ದಾರಿಯಲ್ಲಿ ಮರಳುತ್ತಿದ್ದಿತು.

ಅನಂತರ ಅವರು ಆ ಪಂಪನ್ನು ತೆಗೆದು, ಅದರ ಅರ್ಧ ಬಲದ ಎರಡನ್ನು ಎದುರುಬದುರು ಕೊನೆಗಳಲ್ಲಿ ಇಟ್ಟರು. ಎರಡರ ಬಾಯನ್ನೂ ಸ್ವಲ್ಪ ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಸದಾ ನಡುಗುತ್ತಿರುವಂತೆ ಮಾಡಿದರು. ನಿಂತ ನೀರಿನ ಮೇಲೆ ಕಟ್ಟುವ ಎಣ್ಣೆಯಂತಹ ಪೊರೆಯು ಗಾಳಿಯನ್ನು ತಡೆಯುವುದಾದುದರಿಂದ, ಅದನ್ನು ಒಡೆಯುವುದು ಈ ನಡುಕದ ಮುಖ್ಯ ಪ್ರಯೋಜನ. ಒಂದು ಪಂಪು ಕೆಲವು ಹೊತ್ತು, ಇನ್ನೊಂದು ಕೆಲವು ಹೊತ್ತು ಜೋರಾಗುವಂತೆ ಏರ್ಪಡಿಸಿದುದರಿಂದ, ಸಮುದ್ರದ ಅಲೆ ಬಂದು ಹೋಗುವಂತೆ ನೀರು ಅತ್ತಿತ್ತ ತೂಗುತ್ತ, ಎರಡು ಓಟಗಳೂ ಸಂಧಿಸುವ ಕಡೆ ಮುರಿದು ಎಲ್ಲ ದಿಕ್ಕಿಗೂ ಹರಡಿತು. ಕಲ್ಲುಗಳನ್ನು ಹಿಂದಿನ ಗಾಜಿನಿಂದ ನಾಲ್ಕು ಬೆರಳು ದೂರಕ್ಕೆ ಸರಿಸಿ, ಕೆಳಗೆ ಸಂದು ಬಿಟ್ಟು, ನೀರು ನುಸುಳುವಂತೆ ಜೋಡಿಸಿದರು. ನುಣ್ಣಗೆ ಪುಡಿಮಾಡಿದ ಮೇವನ್ನು ಚಿಟಿಕೆಯಷ್ಟು ಉದುರಿಸಿ, ಅದು ಎಲ್ಲಿ ತೇಲಿಹೋಗುವುದು, ಎಲ್ಲಿ ನಿಂತುಬಿಡುವುದು ಎಂಬುದನ್ನು ನೋಡಿ, ನಿಲ್ಲುವ ಕಡೆಗೆ ಪಂಪಿನ ಮುಖವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಎರಡು ದಿನ ಕಳೆದರು. ಒಟ್ಟು ನೀರಿನ ಪ್ರಮಾಣವು ಮೊದಲಿನಷ್ಟೇ ಇದ್ದರೂ ಹವಳಗಳು ಮತ್ತೆ ಅರಳಿದುವು.

ಅವರಿಗೆ ಇನ್ನೊಂದು ಪಾಠವೂ ಆಯಿತು. ಒಂದು ರಾತ್ರಿ ವಿದ್ಯುಚ್ಛಕ್ತಿ ನಿಂತು, ಬೆಳಗಿನ ಜಾವದವರೆಗೂ ಬರಲಿಲ್ಲ. ಅವರು ಎದ್ದು ನೋಡುವಾಗ ಮೀನುಗಳೆಲ್ಲವೂ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದುವು. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದರಲ್ಲೊಂದು ಪಾಲು ಕಡಿಮೆ ಆಮ್ಲಜನಕವನ್ನು ಹಿಡಿಯುವುದರಿಂದ ಅಲ್ಲಿ ಕಾಲಾವಕಾಶವೂ ಕಡಿಮೆ. ಚೊಂಬಿನಿಂದ ನೀರೆತ್ತಿ ಎತ್ತರದಿಂದ ಸುರಿಯುತ್ತ ಮನೆಯವರೆಲ್ಲರೂ ಸರದಿಯ ಮೇಲೆ ನಿಂತರಂತೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಈಗ ಆ ತೊಟ್ಟಿಯ ಪಕ್ಕದಲ್ಲಿ ಸಿದ್ಧವಾಗಿದೆ.

ಅದೇ ಹನುಮಂತನಗರದಿಂದ ಸ್ವಲ್ಪ ದೂರ ನಡೆದರೆ, ಗವಿಪುರದ ಪಕ್ಕದಲ್ಲಿ ಕೆಂಪಾಂಬುಧಿ ಕೆರೆಯನ್ನು ಕಾಣಬಹುದು. ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದ ಕೆರೆಯಿದು. ಅವರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು ಇದರ ಬಳಿಯಲ್ಲಿಯೇ ನಿಂತಿದೆ. ಇಂತಹ ಕೆರೆಗಳನ್ನು ಕಟ್ಟಿದವರು ನೀರು ಬರುವ ಕಾಲುವೆಯನ್ನು ಮಾತ್ರವಲ್ಲದೆ ತೂಬನ್ನೂ ಕೋಡಿಯನ್ನೂ ಇಟ್ಟು, ತಳದ ನೀರು ಗದ್ದೆಗೂ ಹೆಚ್ಚಿದ ನೀರು ಕೆಳಗಿನ ಕಣಿವೆಗೂ ಹೋಗುವಂತೆ ಮಾಡಿದ್ದರು. ಕೆಂಪಾಂಬುಧಿಯ ಹೊರಹರಿವು ವೃಷಭಾವತಿಯ ಕಣಿವೆಗೆ ಸೇರುವುದು. ಊರು ಬೆಳೆದು, ಮಳೆನೀರಿನ ಬದಲು ಕೊಳಚೆಯು ಕೆರೆಗಳಿಗೆ ಬಂದಾಗ, ಅದನ್ನು ಕೊಳೆಯಿಸಲು ನೀರಿನಲ್ಲಿದ್ದ ಆಮ್ಲಜನಕವೆಲ್ಲವೂ ವೆಚ್ಚವಾಗತೊಡಗಿತು. ೨೦೧೬ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ಬಂದುದನ್ನು ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು. ಅಷ್ಟು ದೊಡ್ಡ ಮೇಲ್ಮೈಯುಳ್ಳ ಕೆರೆಯ ಪಾಡೇ ಹೀಗಾದರೆ, ಹೊಂಡದ ಮಾತನ್ನು ಹೇಳತಕ್ಕದ್ದೇನು?

ಈಗ ನಮ್ಮ ಕೃಷಿಹೊಂಡವನ್ನು ನೋಡೋಣ. ೨೦೧೪ರಿಂದ ಈಚೆಗೆ ಕೃಷಿಭಾಗ್ಯ ಯೋಜನೆಯ ಮೂಲಕ ಬಯಲುಸೀಮೆಯಲ್ಲಿ ಇವು ಬಹಳವಾಗಿ ಹಬ್ಬಿರುವುವು. ೧೨ ಮೀಟರು ಚೌಕದ, ೩ ಮೀಟರು ಆಳದ ಹೊಂಡವು ಸಾಮಾನ್ಯ. ಇದರ ಮುಖವು ಚಿಕ್ಕದು, ಆಳವು ಹೆಚ್ಚು. ಅಗೆದ ಮಣ್ಣನ್ನು ನಾಲ್ಕು ಕಡೆಯೂ ಏರಿಯಾಗಿ ಹಾಕಿರುವುದರಿಂದ ಗಾಳಿಯು ನೀರನ್ನು ಮುಟ್ಟದೆ ಮೇಲೆಯೇ ಹಾದುಹೋಗುವುದು. ಬೇಸಗೆಯಲ್ಲಿ ಮೇಲಿನ ನೀರು ಕಾದು ಹಗುರವಾಗಿ, ತಣ್ಣಗಿರುವ ಭಾರವಾದ ನೀರಿನ ಮೇಲೆ ಮುಚ್ಚಳದಂತೆ ಕೂರುವುದು. ತಳದಲ್ಲಿ ಗೊಬ್ಬರವೂ ಉಳಿದ ಮೇವೂ ಕೊಳೆತು, ಅಲ್ಲಿ ಆಮ್ಲಜನಕವೇ ಇಲ್ಲದಂತಾಗುವುದು. ರಾತ್ರಿಯಲ್ಲಿ ಪಾಚಿಯೂ ಮೀನಿನಂತೆಯೇ ಆಮ್ಲಜನಕವನ್ನು ತೆಗೆದುಕೊಳ್ಳುವುದರಿಂದ ಬೆಳಗಿನ ಜಾವದಲ್ಲಿ ಕೊರತೆಯು ಅತ್ಯಧಿಕ. ಇಂತಹ ಸ್ಥಿತಿಯಲ್ಲಿ ಎರಡು ದಿನ ಮೋಡ ಮುಚ್ಚಿ, ಸಂಜೆ ತಣ್ಣನೆಯ ಮಳೆ ಸುರಿದರೆ, ಮುಚ್ಚಳವು ಒಡೆದು ತಳದ ಕೆಟ್ಟ ನೀರೆಲ್ಲವೂ ಒಮ್ಮೆಗೇ ಮೇಲೇಳುವುದು. ಮೊದಲ ಮಳೆಯ ಮಾರನೆಯ ದಿನ ಮೀನು ಸಾಯುವುದು ಹೀಗೆ.

ಪರಿಹಾರವೆಂದು ಗಾಜಿನ ತೊಟ್ಟಿಯ ಲೆಕ್ಕವನ್ನೇ ಇಲ್ಲಿಗೆ ತರಲಾಗದು. ಆ ಹೊಂಡದ ಬದಿಗಳು ಒಂದಕ್ಕೊಂದರ ಇಳಿಜಾರಿನಲ್ಲಿದ್ದು ೨ ಮೀಟರು ನೀರು ನಿಂತಿದ್ದರೆ, ಅದರಲ್ಲಿ ಸುಮಾರು ೧,೩೦,೦೦೦ ಲೀಟರು ಇರುವುದು. ಗಂಟೆಗೆ ಅದರ ಇಪ್ಪತ್ತರಷ್ಟು ಎಂದರೆ ೨೬ ಲಕ್ಷ ಲೀಟರು! ಅಷ್ಟನ್ನು ತಿರುಗಿಸಹೊರಟವನು ಮೀನನ್ನೂ ಜಮೀನನ್ನೂ ಮಾರಬೇಕಾದೀತು. ಗೆಂಡೆಗೆ ಅಲೆ ಬೇಕಿಲ್ಲ. ಮೇಲಿನ ನೀರೂ ಕೆಳಗಿನ ನೀರೂ ದಿನಕ್ಕೊಮ್ಮೆ ಬೆರೆತು, ಮೇಲ್ಮೈ ಒಡೆದರೆ ಸಾಕು. ಗಂಟೆಗೆ ೧೦,೦೦೦ ಲೀಟರು ಎತ್ತುವ ಸಣ್ಣ ಪಂಪು ೪ ಗಂಟೆ ನಡೆದರೆ ಹೊಂಡದ ಮೂರರಲ್ಲೊಂದು ಪಾಲಿನಷ್ಟು ನೀರು ಜಾಗ ಬದಲಿಸುವುದು.

ಆದರೆ ಆ ನೀರನ್ನು ಎಲ್ಲಿಂದ ಎತ್ತಿ ಎಲ್ಲಿ ಬಿಡುವುದೆಂಬುದರಲ್ಲಿಯೇ ಸ್ವಾರಸ್ಯವಿರುವುದು. ಒಂದೇ ಮೂಲೆಯಲ್ಲಿ ಎತ್ತಿ ಅದೇ ಮೂಲೆಯಲ್ಲಿ ಬಿಟ್ಟರೆ, ಮಿತ್ರರ ಮೊದಲ ಪಂಪಿನಂತೆ, ಅಷ್ಟೇ ನೀರು ಸುತ್ತುತ್ತಿರುವುದು. ಒಂದು ಮೂಲೆಯಲ್ಲಿ ತಳದಿಂದ ಒಂದು ಮೊಳ ಮೇಲಕ್ಕೆ, ಬಾಯಿಗೆ ಬಲೆ ಕಟ್ಟಿದ ಕೊಳವೆಯಿಂದ ನೀರನ್ನು ಎಳೆದು, ಎದುರು ಮೂಲೆಯಲ್ಲಿ ಸಾಲಾಗಿ ತೂತು ಕೊರೆದ ಕೊಳವೆಯ ಮೂಲಕ ಎರಡು ಮೂರು ಅಡಿ ಎತ್ತರದಿಂದ ತುಂತುರಾಗಿ ಬೀಳಿಸತಕ್ಕದ್ದು. ತಳದ ಕೆಸರನ್ನೇ ಎಳೆದರೆ ಕೇಡು ಹೆಚ್ಚುವುದು. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕವು ಸಾಮಾನ್ಯವಾಗಿ ಬಹಳ ಕಡಿಮೆಯಾದುದರಿಂದ, ಹೊಸ ನೀರು ಬಿಡುವಾಗಲೂ ಅದನ್ನು ಚಪ್ಪಡಿಯ ಮೇಲೆ ಬೀಳಿಸಿ ಚದರಿಸಿಯೇ ಬಿಡಬೇಕು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ನೇರವಾಗಿ ಬೀಳಿಸಿದರೆ ಹಾಳೆಗೆ ಧಕ್ಕೆಯಾಗಬಹುದು. ಒಂದು ಹಿಡಿ ಭತ್ತದ ಹೊಟ್ಟನ್ನು ನೀರಿನ ಮೇಲೆ ಎರಚಿದರೆ, ಓಟವು ಮುಟ್ಟದ ಕಡೆಯು ಕಾಲು ಗಂಟೆಯಲ್ಲಿ ತಿಳಿಯುವುದು.

ಪಂಪು ನಡೆಯಬೇಕಾದ ಹೊತ್ತು ಎರಡು. ಮಧ್ಯಾಹ್ನದಲ್ಲಿ ಒಂದು ಗಂಟೆ ನಡೆಸಿದರೆ, ಪಾಚಿಯು ಮೇಲೆ ಉತ್ಪತ್ತಿ ಮಾಡಿದ ಆಮ್ಲಜನಕವು ತಳಕ್ಕೂ ಸೇರಿ ರಾತ್ರಿಗೆ ಕೂಡಿಟ್ಟಂತಾಗುವುದು. ಉಳಿದುದನ್ನು ರಾತ್ರಿ ೨ ಗಂಟೆಯಿಂದ ಸೂರ್ಯೋದಯದವರೆಗೆ ನಡೆಸತಕ್ಕದ್ದು. ಇದನ್ನು ಹೊಂಡ ತುಂಬಿದ ದಿನದಿಂದಲೇ ಅಭ್ಯಾಸ ಮಾಡಬೇಕೇ ಹೊರತು, ತಿಂಗಳುಗಟ್ಟಲೆ ನಿಂತ ನೀರನ್ನು ಏಪ್ರಿಲಿನಲ್ಲಿ ಒಮ್ಮೆಗೇ ಕಲಕಿದರೆ ಮಳೆಯು ಮಾಡುವ ಅನಾಹುತವನ್ನು ನಾವೇ ಮಾಡಿದಂತಾಗುವುದು. ಮೋಡದ ದಿನಗಳಲ್ಲಿ ಮೇವನ್ನೂ ಸಗಣಿಯನ್ನೂ ಹಾಕಕೂಡದು. ಕೈಯನ್ನು ನೀರಿನಲ್ಲಿ ಇಳಿಸಿದಾಗ ಮಣಿಕಟ್ಟು ಮುಳುಗುವಷ್ಟರಲ್ಲಿಯೇ ಬೆರಳುಗಳು ಕಾಣದಂತಾದರೆ ಪಾಚಿಯು ಮಿತಿಮೀರಿದೆಯೆಂದು ತಿಳಿದು, ಗೊಬ್ಬರವನ್ನು ನಿಲ್ಲಿಸಿ, ಸ್ವಲ್ಪ ನೀರನ್ನು ಪೈರಿಗೆ ತೆಗೆದು, ಹೊಸ ನೀರನ್ನು ಕೊಡುವುದು ಒಳ್ಳೆಯದು.

ಇನ್ನು ಮೊದಲು ಹೇಳಿದ ದೂರಿನ ವಿಚಾರ. ಉಸಿರುಕಟ್ಟಿ ಸತ್ತ ಹೊಂಡದಲ್ಲಿ ದೊಡ್ಡ ಮೀನುಗಳು ಮೊದಲು ಸಾಯುವುವು, ಸಣ್ಣವು ಅನೇಕ ವೇಳೆ ಉಳಿಯುವುವು. ಸಾವು ಬೆಳಗಿನ ಜಾವಕ್ಕೆ ಸೇರಿದ್ದು. ಬದುಕಿದವು ಮೇಲ್ಮೈಯಲ್ಲಿ, ಮುಖ್ಯವಾಗಿ ನೀರು ಬೀಳುವ ಕಡೆ ಗುಂಪಾಗಿ ಬಾಯಿ ತೆರೆಯುತ್ತಿರುವುವು. ಕಪ್ಪೆಗೂ ನೀರಿನ ಹುಳುಗಳಿಗೂ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ವಿಷವಾದರೆ ಹೊತ್ತಿನ ನಿಯಮವಿಲ್ಲ. ಸಣ್ಣ ಮರಿಗಳು ಮೊದಲು ಸಾಯುವುವು, ಮೀನುಗಳು ದಿಕ್ಕು ತಪ್ಪಿದಂತೆ ಚಿಮ್ಮಿ ಓಡಾಡುವುವು, ಹುಳುಹುಪ್ಪಟೆಗಳೂ ಸತ್ತಿರುವುವು. ಮೇಲಿನ ಹೊಲದಲ್ಲಿ ಔಷಧಿ ಸಿಂಪಡಿಸಿದ ಮೇಲೆ ಮಳೆ ಬಂದು ಕೊಚ್ಚಿ ತಂದಿರುವುದೂ ಸಾಧ್ಯವಾದುದರಿಂದ, ವಿಷವಿದ್ದ ಮಾತ್ರಕ್ಕೆ ದ್ವೇಷವೇ ಕಾರಣವೆಂದು ಹೇಳಲಾಗದು. ಸಂಶಯವುಳ್ಳಲ್ಲಿ ಮುಖಂಡರು ಸತ್ತ ಮೀನನ್ನು ಮಂಜುಗಡ್ಡೆಯಲ್ಲಿಯೂ ನೀರನ್ನು ತೊಳೆದ ಸೀಸೆಯಲ್ಲಿಯೂ ತುಂಬಿಸಿ, ಇಬ್ಬರ ಎದುರಿನಲ್ಲಿ ಮುದ್ರೆ ಮಾಡಿಸಿ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಗೆ ಅದೇ ದಿನ ಕಳುಹಿಸುವುದು ಉತ್ತಮ. ಆಮ್ಲಜನಕದ ಅಳತೆಯನ್ನಾದರೋ ಹೊಂಡದ ದಡದಲ್ಲಿಯೇ, ಸೂರ್ಯನು ಹುಟ್ಟುವ ಮೊದಲು ಮಾಡಿಸಬೇಕು. ಬಿಸಿಲು ಬಿದ್ದೊಡನೆ ಪಾಚಿಯು ಮತ್ತೆ ಕೆಲಸಕ್ಕೆ ತೊಡಗುವುದರಿಂದ, ೧೦ ಗಂಟೆಯ ಮೇಲೆ ಅಳೆದ ನೀರು ರಾತ್ರಿಯ ಸ್ಥಿತಿಯನ್ನು ತೋರಿಸದು.